ಪಾಠ ಬಿಟ್ಟು ಬರೀ ಊಟಕ್ಕೆ ಹೋಗಬೇಡಿ

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಪ್ರವಾಸ ಪುಟದಲ್ಲಿ ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ನಗರದ ಬಗ್ಗೆ ಲೇಖನ ಬಂದಿತ್ತು. ಊರಿನ ವರ್ಣನೆ ಚೆನ್ನಾಗಿದೆ, ಅದರಲ್ಲಿ ತಕರಾರಿಲ್ಲ. ಆದರೆ ಅಲ್ಲಿಯ ಜೋಡಿ ಕುಣಿತವಾದ ಟ್ಯಾಂಗೊ ನೋಡಲು ಹೋಗುವವರಿಗೆ ಕೊಟ್ಟಿರುವ ಎರಡು ಸಲಹೆ ಓದಿ ಸುಮ್ಮನಿರಲು ಆಗಲಿಲ್ಲ. ಊಟ ಮತ್ತು ಪ್ರದರ್ಶನದ ಟಿಕೆಟ್ಟಿನ ಜೊತೆ ಸಿಗುವ ಒಂದು ಗಂಟೆಯ ಕುಣಿತದ ಪಾಠ ಬರೀ ಕಾಲಹರಣ, ಸೀದಾ ಊಟದ ಹೊತ್ತಿಗೆ ಹೋದರೆ ಸಾಕು ಎನ್ನುವುದು ಒಂದು. ಟ್ಯಾಂಗೊ ಗಂಡಹೆಂಡಿರ ಕುಣಿತ, ಜೋಡಿಯಿಲ್ಲದ ಹೆಂಗಸರಿಗೆ ಅಲ್ಲಿ ಮುಜುಗರವಾಗುತ್ತದೆ ಎನ್ನುವುದು ಇನ್ನೊಂದು. ಎರಡೂ ತಪ್ಪು. ನಾನು ಆ ಪಾಠಕ್ಕೆ ಹೋಗಿಬಂದವಳು. ನನ್ನ ಜೊತೆ ಗಂಡ ಇರಲಿಲ್ಲ, ತಂಗಿ ಇದ್ದಳು.

ನನಗೆ 63 ವರ್ಷ. ನರ್ಸ್ ಆಗಿ 34 ವರ್ಷ ದುಡಿದೆ, ಅದರಲ್ಲಿ ಹೆಚ್ಚಿನ ಕಾಲ ಮೂಳೆ ವಿಭಾಗದ ವಾರ್ಡಿನಲ್ಲಿ. ತಂಗಿಗೆ 57. ಮಕ್ಕಳಿಗೆ ಸಂಗೀತ ಹೇಳಿಕೊಡುತ್ತಾಳೆ, ಹಾರ್ಮೋನಿಯಂ ನುಡಿಸುತ್ತಾಳೆ. ಇಬ್ಬರೂ ಕೂಡಿಟ್ಟ ಹಣದಲ್ಲಿ ದಕ್ಷಿಣ ಅಮೆರಿಕದ ಪ್ರವಾಸಕ್ಕೆ ಹೊರಟೆವು. ಬ್ಯೂನಸ್ ಐರಿಸ್ ತಲುಪಿದ್ದು ಏಪ್ರಿಲ್‌ನಲ್ಲಿ. ಅಲ್ಲಿ ಅದು ಎಲೆ ಉದುರುವ ಕಾಲ, ಸಂಜೆಗೆ ತೆಳ್ಳನೆಯ ಚಳಿ.

ನಮ್ಮನ್ನು ಕರೆದೊಯ್ದ ಪ್ರವಾಸ ವ್ಯವಸ್ಥಾಪಕರೂ ನಿಮ್ಮ ಲೇಖಕರ ಮಾತನ್ನೇ ಆಡಿದರು. ಏಳು ಗಂಟೆಗೆ ಪಾಠ, ಎಂಟೂವರೆಗೆ ಊಟ, ಹತ್ತಕ್ಕೆ ಪ್ರದರ್ಶನ. ಆದರೆ ಬಸ್ಸು ಬರುವುದೇ ಎಂಟಕ್ಕೆ. ಪಾಠ ಬೇಕೆಂದರೆ ಆರೂವರೆಗೆ ವ್ಯಾನ್ ಇದೆ, ಅದರಲ್ಲಿ ದಂಪತಿಗಳಿಗೆ ಮಾತ್ರ ಜಾಗ ಎಂದರು. ತಂಡದ 22 ಜನರಲ್ಲಿ ದಂಪತಿಗಳೂ ಹೊರಡಲಿಲ್ಲ, ಕೋಣೆಯಲ್ಲಿ ಮಲಗಿ ಸುಧಾರಿಸಿಕೊಳ್ಳುತ್ತೇವೆ ಅಂದರು. ನಾನು ಟಿಕೆಟ್ ತೆಗೆದು ನೋಡಿದೆ. ಪಾಠವೂ ಸೇರಿದೆ ಎಂದು ಸ್ಪ್ಯಾನಿಷ್‌ನಲ್ಲಿ ಅಚ್ಚಾಗಿತ್ತು. ಜೋಡಿ ಎಂಬ ಮಾತು ಎಲ್ಲೂ ಇರಲಿಲ್ಲ. ಹೋಟೆಲಿನ ರಿಸೆಪ್ಶನ್ ಹುಡುಗಿಯನ್ನು ಕೇಳಿದರೆ, ಸ್ಥಳ ಸಾನ್ ತೆಲ್ಮೊ ಬಡಾವಣೆಯಲ್ಲಿದೆ, ದೆಫೆನ್ಸಾ ಬೀದಿ ಹಿಡಿದು ನಡೆದರೆ ಇಪ್ಪತ್ತು ನಿಮಿಷ ಎಂದಳು. ಅಕ್ಕತಂಗಿ ಇಬ್ಬರೂ ಕಲ್ಲುಹಾಸಿನ ಆ ಬೀದಿಯಲ್ಲಿ ನಡೆದೇ ಹೋದೆವು.

ಪಾಠ ನಡೆದದ್ದು ಊಟದ ಸಭಾಂಗಣದ ಮೇಲಿನ ಮಹಡಿಯಲ್ಲಿ. ಮರದ ನೆಲ, ಒಂದು ಗೋಡೆಗೆ ಕನ್ನಡಿ, ಮೂಲೆಯಲ್ಲಿ ಒಂದು ಸ್ಪೀಕರ್. ಹದಿನೆಂಟು ಇಪ್ಪತ್ತು ಜನ ಇದ್ದೆವು. ಬ್ರೆಜಿಲ್‌ನ ಒಂದು ಕುಟುಂಬ, ಒಬ್ಬಳೇ ಬಂದಿದ್ದ ಕೊರಿಯಾದ ಹುಡುಗಿ, ಕೋಲು ಹಿಡಿದ ಒಬ್ಬ ಅಜ್ಜ. ಕಲಿಸುವವರು ಒಬ್ಬ ಗಂಡಸು, ಒಬ್ಬ ಹೆಂಗಸು. ಮೊದಲು ಸ್ಪ್ಯಾನಿಷ್, ಆಮೇಲೆ ಇಂಗ್ಲಿಷ್.

ಮೊದಲ ಇಪ್ಪತ್ತು ನಿಮಿಷ ಕುಣಿತವೇ ಇಲ್ಲ. ಬರೀ ನಡಿಗೆ. ಒಬ್ಬೊಬ್ಬರೇ ನಿಂತು ಮೈಭಾರವನ್ನೆಲ್ಲ ಒಂದು ಕಾಲಿಗೆ ಬಿಡಬೇಕು, ಇನ್ನೊಂದು ಕಾಲು ಪೂರ್ತಿ ಹಗುರವಾಗಬೇಕು. ಆ ಹಗುರವಾದ ಕಾಲನ್ನು ಮುಂದಿಟ್ಟು, ಭಾರವನ್ನು ಅದರ ಮೇಲೆ ಸಾಗಿಸಿ, ಹಿಂದೆ ಉಳಿದ ಕಾಲನ್ನು ಪಕ್ಕಕ್ಕೆ ತಂದು ಕೂಡಿಸಬೇಕು. ಮತ್ತೆ ಅದೇ. ಕೋಣೆಯ ಸುತ್ತ ನಡೆಯುವುದು ಎಡಗಡೆಯಿಂದ, ಗಡಿಯಾರದ ಮುಳ್ಳಿಗೆ ಎದುರಾಗಿ. ಅಲ್ಲಿ ಇದಕ್ಕೆ ರೋಂದಾ ಎನ್ನುತ್ತಾರೆ. ಹುಟ್ಟಿದಾಗಿನಿಂದ ಪ್ರದಕ್ಷಿಣೆ ಹಾಕಿದ ಕಾಲುಗಳಿಗೆ ಅಪ್ರದಕ್ಷಿಣೆಯ ದಾರಿ ಹಿಡಿಯಲು ಎರಡು ಸುತ್ತು ಬೇಕಾಯಿತು.

ಈ ನಡಿಗೆ ನನಗೆ ಹೊಸದಾಗಿರಲಿಲ್ಲ. ಸೊಂಟ ಮುರಿದು ಶಸ್ತ್ರಚಿಕಿತ್ಸೆಯಾದ ಮುದುಕರನ್ನು, ಮೊಣಕಾಲಿನ ಕೀಲು ಬದಲಿಸಿಕೊಂಡವರನ್ನು ಮೊದಲ ಸಲ ಎಬ್ಬಿಸಿ ನಿಲ್ಲಿಸುವಾಗ ನಾವು ಹೇಳಿಕೊಡುತ್ತಿದ್ದುದು ಇದನ್ನೇ: ಭಾರ ಎಲ್ಲಿದೆ ಎಂದು ಮೊದಲು ತಿಳಿಯಿರಿ, ಆಮೇಲೆ ಕಾಲು ಎತ್ತಿ. ಹಾಸಿಗೆಯಿಂದ ಕುರ್ಚಿಗೆ ಕೂರಿಸುವಾಗ ರೋಗಿಯ ತೋಳು ಹಿಡಿದು ಎಳೆಯಬಾರದು. ಹತ್ತಿರ ನಿಂತು, ನಮ್ಮ ಎದೆಯ ಕಡೆಗೆ ಅವರನ್ನು ತಂದುಕೊಂಡು, ಅವರ ಮೈ ಒಪ್ಪುವ ತನಕ ಕಾದು, ಒಟ್ಟಿಗೆ ತಿರುಗಬೇಕು. ಕಾಯದೆ ತಿರುಗಿಸಿದರೆ ಇಬ್ಬರೂ ಬೀಳುತ್ತಾರೆ. ಕಲಿಸುತ್ತಿದ್ದ ಹೆಂಗಸು ಜೋಡಿಗಳನ್ನು ನಿಲ್ಲಿಸಿ ಹೇಳಿದ ಮೊದಲ ಮಾತು ಕೇಳಿ ನನ್ನ ವಾರ್ಡೇ ಕಣ್ಣ ಮುಂದೆ ಬಂತು. 'ಕೈಯಿಂದ ತಳ್ಳಬೇಡಿ, ಎಳೆಯಬೇಡಿ. ಎದೆ ಹೊರಡಲಿ, ಎದುರಿಗಿನವರು ಅದನ್ನು ಕೇಳಿಸಿಕೊಳ್ಳಲಿ, ಆಮೇಲೆ ಕಾಲು.' ಅವರ ಭಾಷೆಯಲ್ಲಿ ಈ ಹಿಡಿತಕ್ಕೆ ಅಬ್ರಾಸೊ ಎಂದು ಹೆಸರು, ಅಪ್ಪುಗೆ ಎಂದು ಅರ್ಥ.

ಜೋಡಿಯಾಗಿ ಎಂದಾಗ ನಾವು ಅಕ್ಕತಂಗಿ ಎದುರುಬದುರು ನಿಂತೆವು. ಇಬ್ಬರು ಹೆಂಗಸರು ಕುಣಿಯಬಹುದೇ ಎಂದು ತಂಗಿಯೇ ಕೇಳಿದಳು. ಗುರುಗಳಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಇಲ್ಲಿ ಇರುವುದು ನಡೆಸುವವರು, ಅವರ ಸೂಚನೆಯಂತೆ ನಡೆಯುವವರು, ಅಷ್ಟೇ ಎಂದರು. ಟ್ಯಾಂಗೊ ಬೆಳೆಯುತ್ತಿದ್ದ ದಿನಗಳಲ್ಲಿ ಗಂಡಸರು ಗಂಡಸರ ಜೊತೆಗೇ ಅಭ್ಯಾಸ ಮಾಡುತ್ತಿದ್ದರು. ಹಡಗಿನಲ್ಲಿ ಇಟಲಿಯಿಂದ, ಸ್ಪೇನ್‌ನಿಂದ ಬಂದಿಳಿದವರಲ್ಲಿ ಗಂಡಸರೇ ಹೆಚ್ಚು. ಹೆಂಗಸರ ಜೊತೆ ಕುಣಿಯುವ ಅವಕಾಶ ಸಿಕ್ಕಾಗ ಹೆಜ್ಜೆ ತಪ್ಪಬಾರದೆಂದು ಮೊದಲು ತಮ್ಮತಮ್ಮಲ್ಲೇ ಕಲಿಯುತ್ತಿದ್ದರು, ಒಬ್ಬ ನಡೆಸುವವ, ಒಬ್ಬ ನಡೆಯುವವ. ಆಮೇಲೆ ಅದಲುಬದಲು. ಕೊರಿಯಾದ ಹುಡುಗಿಯನ್ನು ಕೋಲಿನ ಅಜ್ಜನ ಜೊತೆ ನಿಲ್ಲಿಸಿದರು. ಅಜ್ಜ ಕೋಲನ್ನು ಗೋಡೆಗೆ ಒರಗಿಸಿ ಬಂದರು.

ನಾನು ನಡೆಸುವವಳಾದೆ. ಎಂಟು ಹೆಜ್ಜೆಯ ಒಂದು ಮೂಲ ಪಾಠವಿದೆ, ಹಲವು ಆರಂಭಿಕ ತರಗತಿಗಳಲ್ಲಿ ಅದನ್ನೇ ಕಲಿಸುತ್ತಾರೆ. ಅದರ ಐದನೇ ಹೆಜ್ಜೆಗೆ ಕ್ರೂಸೆ, ಎಂದರೆ ಅಡ್ಡಗಾಲು ಎಂದು ಹೆಸರು. ನಡೆಯುವವರು ತಮ್ಮ ಎಡಗಾಲನ್ನು ಬಲಗಾಲಿನ ಮುಂದೆ ಅಡ್ಡ ಇಟ್ಟು ಭಾರವನ್ನೆಲ್ಲ ಎಡಗಾಲಿಗೆ ಕೊಡಬೇಕು, ಆಗ ಬಲಗಾಲು ಬಿಡುಗಡೆಯಾಗಿ ಆರನೇ ಹೆಜ್ಜೆಗೆ ಹಿಂದೆ ಸರಿಯುತ್ತದೆ. ನನ್ನ ತಂಗಿ ನಾಲ್ಕರ ತನಕ ಚೆನ್ನಾಗಿ ಬರುತ್ತಿದ್ದಳು. ಐದಕ್ಕೆ ಬಂದಾಗ ಪ್ರತಿ ಸಲವೂ ಒಂದು ಚೂರು ತಡವರಿಕೆ. ಭಾರ ಎಡಗಾಲಿಗೆ ಪೂರ್ತಿ ಇಳಿಯುತ್ತಿರಲಿಲ್ಲ, ಅರ್ಧ ಬಲಗಾಲಲ್ಲೇ ಉಳಿಯುತ್ತಿತ್ತು. ಮೂರು ಸಲ, ನಾಲ್ಕು ಸಲ. ಅವಳು ತಾಳ ತಪ್ಪುವವಳಲ್ಲ, ನಲವತ್ತು ವರ್ಷದ ಸಂಗೀತ. ಬೆನ್ನ ಮೇಲಿದ್ದ ನನ್ನ ಅಂಗೈಗೆ ಅದು ತಾಳದ ತಪ್ಪಲ್ಲ ಎಂದು ಗೊತ್ತಾಗುತ್ತಿತ್ತು.

ಕಿವಿಯ ಹತ್ತಿರ ಕೇಳಿದೆ: 'ಎಡ ಮೊಣಕಾಲು ನೋಯ್ತಿದೆಯೇನೆ?'

ಸುಮ್ಮನಿದ್ದಳು. ಇನ್ನೊಂದು ಸುತ್ತು ಆದ ಮೇಲೆ 'ಎರಡು ವರ್ಷ ಆಯ್ತು' ಎಂದಳು. ನೆಲದ ಮೇಲೆ ಕಾಲು ಮಡಿಸಿ ಕೂತು ಹಾರ್ಮೋನಿಯಂ ನುಡಿಸುವವಳು. ಹೇಳಿದರೆ ನೆಲದ ಮೇಲೆ ಕೂರಬೇಡ ಎಂದು ನಾನು ಗದರುತ್ತೇನೆ, ಪಾಠ ನಿಲ್ಲುತ್ತದೆ ಎಂದು ಮುಚ್ಚಿಟ್ಟಿದ್ದಳು. ತಿಂಗಳಿಗೆರಡು ಸಲ ಭೇಟಿಯಾಗುತ್ತೇವೆ, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಅವಳ ಬೆನ್ನ ಮೇಲೆ ಕೈಯಿಟ್ಟು ಒಂದು ಗಂಟೆ ನಿಂತದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ಅಮ್ಮ ಹೋದ ದಿನವೂ ನಾವಿಬ್ಬರೂ ಬಂದವರನ್ನು ವಿಚಾರಿಸಿಕೊಳ್ಳುವುದರಲ್ಲೇ ಇದ್ದೆವು.

ನಾನು ಹೆಜ್ಜೆ ಗಿಡ್ಡ ಮಾಡಿದೆ. ನಡೆಸುವವರಿಗೆ ಆ ಸ್ವಾತಂತ್ರ್ಯ ಇದೆ. ಇಷ್ಟೇ ಉದ್ದ ಇಡಬೇಕೆಂಬ ಕಟ್ಟಿಲ್ಲ, ಬೇಕಾದಲ್ಲಿ ನಿಲ್ಲಬಹುದು, ಸಂಗೀತ ಮುಂದೆ ಹೋಗುತ್ತಿದ್ದರೂ ನಿಂತೇ ಇರಬಹುದು, ಅದೂ ಕುಣಿತವೇ. ಐದನೇ ಹೆಜ್ಜೆಯಲ್ಲಿ ಅವಳ ಭಾರ ನಿಧಾನ ಇಳಿಯುವ ತನಕ ಕಾದೆ. ಎಂಟೂ ಹೆಜ್ಜೆ ಕೂಡಿ ಬಂದವು. ಗುರುಗಳು ದೂರದಿಂದ ತಲೆದೂಗಿದರು.

ಇದನ್ನು ಕಾಲಹರಣ ಎಂದು ಬರೆದಿದ್ದೀರಿ.

ಆ ಹೊತ್ತಿಗೆ ನನ್ನ ವೃತ್ತಿಯ ಇನ್ನೊಂದು ವಿಷಯವೂ ನೆನಪಾಯಿತು. ಪಾರ್ಕಿನ್ಸನ್ ಕಾಯಿಲೆ ಇರುವವರ ಸಮತೋಲನಕ್ಕೆ ಟ್ಯಾಂಗೊ ಹೆಜ್ಜೆಗಳನ್ನು ಬಳಸಿ ನೋಡಿದ್ದಾರೆ, ಅರ್ಜೆಂಟೀನಾದಲ್ಲೂ ಅಮೆರಿಕದಲ್ಲೂ. ಯಾಕೆಂದು ಆ ಕೋಣೆಯಲ್ಲಿ ಅರ್ಥವಾಯಿತು. ಹಿಂದಕ್ಕೆ ನಡೆಯುವುದು, ನಿಂತಲ್ಲಿಂದ ಹೊರಡುವುದು, ಹೊರಟದ್ದನ್ನು ನಿಲ್ಲಿಸುವುದು, ಭಾರವನ್ನು ಒಂದು ಕಾಲಿಂದ ಇನ್ನೊಂದಕ್ಕೆ ಸಾಗಿಸುವುದು. ಈ ಕಾಯಿಲೆಯವರಿಗೆ ಕಷ್ಟವಾಗುವುದು ಇವೇ, ಟ್ಯಾಂಗೊದ ಮೊದಲ ಪಾಠವೂ ಇವೇ. ಕೋಲಿನ ಅಜ್ಜ ಪಾಠ ಮುಗಿಯುವ ತನಕ ಕೋಲು ಮುಟ್ಟಲಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ದನದ ಮಾಂಸದ ದೇಶ, ಹೆಸರಾದ ಊಟವೂ ಅದೇ. ಆದರೂ ಸಸ್ಯಾಹಾರಿಗಳು ಹೊಟ್ಟೆ ತಣಿಸಿಕೊಳ್ಳಬಹುದು, ಮುಂಗಡವಾಗಿ ತಿಳಿಸಿರಬೇಕು ಅಷ್ಟೇ. ನಮಗೆ ಜೋಳದ ಹೂರಣ ತುಂಬಿದ ಎಂಪನಾದಾ ಕೊಟ್ಟರು. ನೋಡಲು ನಮ್ಮ ಕರ್ಜಿಕಾಯಿಯೇ. ಅಂಚು ಮಡಿಸಿ ಮುಚ್ಚುವ ರೀತಿಗೆ ರೆಪುಲ್ಗೆ ಎನ್ನುತ್ತಾರೆ, ಒಳಗೇನಿದೆ ಎಂದು ಆ ಮಡಿಕೆಯ ವಿನ್ಯಾಸ ನೋಡಿಯೇ ಗುರುತಿಸುತ್ತಾರೆ. ಆಮೇಲೆ ಕಾವಲಿಯಲ್ಲಿ ಸುಟ್ಟ ಪ್ರೊವೊಲೆತಾ ಚೀಸ್. ಕೊನೆಗೆ ದುಲ್ಸೆ ದೆ ಲೆಚೆ ಸವರಿದ ದೋಸೆಯಂಥ ಪನ್ಕೆಕೆ. ಹಾಲು ಸಕ್ಕರೆಯನ್ನು ಕೆಂಪಗಾಗುವ ತನಕ ಕುದಿಸಿ ಇಳಿಸಿದ ಸಿಹಿ, ಬಾಯಿಗೆ ಬಿದ್ದೊಡನೆ ಗುರುತು ಸಿಕ್ಕಿತು. ಅಲ್ಲಿಯ ಹೆಮ್ಮೆಯಾದ ಮೆಂದೋಸಾ ಪ್ರಾಂತ್ಯದ ವೈನನ್ನು ನಾವು ಮುಟ್ಟಲಿಲ್ಲ, ಯಾರೂ ಒತ್ತಾಯಿಸಲೂ ಇಲ್ಲ. ಎಂಟೂಕಾಲಿಗೆ ಬಸ್ಸಿನಲ್ಲಿ ಬಂದ ನಮ್ಮವರು ಪಕ್ಕದ ಮೇಜುಗಳಲ್ಲಿ ಕೂತರು.

ಪ್ರದರ್ಶನ ಶುರುವಾಗುವ ಮುಂಚೆ ವಾದ್ಯದವರು ಬಂದು ಕೂತರು. ಒಂದು ಪಿಯಾನೊ, ಒಂದು ಪಿಟೀಲು, ನಿಂತು ನುಡಿಸುವ ದೊಡ್ಡ ತಂತಿವಾದ್ಯ ಡಬಲ್ ಬಾಸ್, ಬ್ಯಾಂಡೋನಿಯನ್ ಎಂಬ ಎರಡು ತಿದಿವಾದ್ಯ. ತಂಗಿ ಕತ್ತೆತ್ತಿ ಹುಡುಕಿದಳು. 'ಚರ್ಮವಾದ್ಯ ಎಲ್ಲಿ?' ಇಲ್ಲ. ಟ್ಯಾಂಗೊದ ಸಾಂಪ್ರದಾಯಿಕ ವಾದ್ಯಮೇಳದಲ್ಲಿ ಡೋಲು, ತಬಲೆ, ಡ್ರಮ್ಮು ಯಾವುದೂ ಇರುವುದಿಲ್ಲ. ಪಿಯಾನೊದ ಎಡಗೈ, ಬಾಸಿನ ತಂತಿ, ಬ್ಯಾಂಡೋನಿಯನ್ನಿನ ಒತ್ತು, ಇವೇ ಸೇರಿ ತಾಳ ಕಟ್ಟುತ್ತವೆ. ತಾಳವಾದ್ಯವಿಲ್ಲದೆ ಐದು ಜನ ಒಟ್ಟಿಗೆ ನಿಲ್ಲುವುದು, ಒಟ್ಟಿಗೆ ಹೊರಡುವುದು ಹೇಗೆ ಸಾಧ್ಯ ಎಂದು ಅವಳಿಗೆ ಮೊದಲ ಹತ್ತು ನಿಮಿಷ ಅದೇ ಬೆರಗು.

ಬ್ಯಾಂಡೋನಿಯನ್ ಬಗ್ಗೆ ನಿಮ್ಮ ಲೇಖನದಲ್ಲಿ 'ಅಕಾರ್ಡಿಯನ್ ತರಹದ ವಾದ್ಯ' ಎಂದು ಒಂದು ಸಾಲಿದೆ. ಅದಕ್ಕಿಂತ ಹೆಚ್ಚಿನದಕ್ಕೆ ಆ ವಾದ್ಯ ಯೋಗ್ಯ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು, ಕ್ರೆಫೆಲ್ಡ್ ಊರಿನ ವಾದ್ಯ ವ್ಯಾಪಾರಿ ಹೈನ್ರಿಶ್ ಬ್ಯಾಂಡ್ ಎಂಬವರ ಹೆಸರನ್ನೇ ಹೊತ್ತದ್ದು. ಆರ್ಗನ್ ಕೊಳ್ಳಲು ಹಣವಿಲ್ಲದ ಸಣ್ಣ ಚರ್ಚುಗಳಲ್ಲೂ ಅದನ್ನು ಪ್ರಾರ್ಥನೆಗೆ ಬಳಸುತ್ತಿದ್ದರಂತೆ. ಹಡಗು ಹತ್ತಿ ಪ್ಲಾಟಾ ನದಿಯ ದಡಕ್ಕೆ ಬಂತು, ವಲಸಿಗರ ಬೀದಿಯಲ್ಲಿ ಹೊಸ ದನಿ ಪಡೆಯಿತು. ಅಲ್ಲಿಯವರು ನುಡಿಸುವ ಬಗೆಯದರಲ್ಲಿ 71 ಗುಂಡಿ, ಬಲಗೈಗೆ 38, ಎಡಗೈಗೆ 33. ತಿದಿ ತೆರೆಯುವಾಗ ಒಂದು ಗುಂಡಿ ಕೊಡುವ ಸ್ವರ ಒಂದು, ಮುಚ್ಚುವಾಗ ಅದೇ ಗುಂಡಿ ಕೊಡುವ ಸ್ವರ ಬೇರೆ. ಎಂದರೆ ನುಡಿಸುವವರು ಪ್ರತಿ ಕೈಗೂ ಎರಡು ಬೇರೆ ಸ್ವರಜೋಡಣೆಗಳನ್ನು ಬಾಯಿಪಾಠ ಮಾಡಿರಬೇಕು. ಹಾರ್ಮೋನಿಯಂ ಕೂಡ ಯುರೋಪಿನಿಂದ ಹಡಗಿನಲ್ಲಿ ಬಂದು ನಮ್ಮದಾದದ್ದೇ, ಅದರ ಹೊಟ್ಟೆಯಲ್ಲೂ ಗಾಳಿಗೆ ನಡುಗುವ ಲೋಹದ ನಾಲಿಗೆಗಳೇ. ತಂಗಿ ಅದನ್ನು ಅಕ್ಕತಂಗಿ ವಾದ್ಯ ಎಂದು ಕರೆದಳು. ಆದರೆ ನಮ್ಮದರಲ್ಲಿ ತಿದಿಯ ಉಸಿರು ಕೇಳಿಸಬಾರದು ಎಂದು ಸಾಧನೆ ಮಾಡುತ್ತೇವೆ, ಇಲ್ಲಿ ಆ ಉಸಿರನ್ನೇ ಕೇಳಿಸುತ್ತಾರೆ ಎಂದಳು. ನುಡಿಸುವಾತ ವಾದ್ಯವನ್ನು ತೊಡೆಯ ಮೇಲಿಟ್ಟು, ತಿದಿ ತೆರೆಯುವಾಗ ತಲೆ ತಗ್ಗಿಸಿ ಅದರ ಮೇಲೆ ಬಾಗುತ್ತಿದ್ದ.

ಆಮೇಲೆ ನರ್ತಕರು. ವಲಸಿಗರ ವಠಾರದ ಅಂಗಳದ ದೃಶ್ಯದಿಂದ ಶುರು. ಕೊನ್ವೆಂತಿಯೊ ಎಂದು ಅಂಥ ವಠಾರಕ್ಕೆ ಹೆಸರು, ಕೋಣೆಗೊಂದು ಸಂಸಾರ, ಒಂದೇ ಅಂಗಳ. ಅಲ್ಲಿ ಟೋಪಿ ಹಾಕಿದ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಹಿಡಿದು ಕುಣಿದರು. ಪಕ್ಕದ ಮೇಜಿನಲ್ಲಿ ನಮ್ಮ ತಂಡದವರು ಅದನ್ನು ಹಾಸ್ಯದ ದೃಶ್ಯ ಎಂದುಕೊಂಡು ನಕ್ಕರು. ಗುರುಗಳ ಮಾತು ಕೇಳಿಬಂದಿದ್ದ ನಮಗೆ ಅದು ಏನೆಂದು ಗೊತ್ತಿತ್ತು. 1914ರ ಜನಗಣತಿಯ ಹೊತ್ತಿಗೆ ಆ ನಗರದ ಸುಮಾರು ಅರ್ಧ ಜನ ಹೊರದೇಶದಲ್ಲಿ ಹುಟ್ಟಿದವರು. ಮನೆಗೆ ಮರಳುವ ಹಡಗಿನ ದುಡ್ಡು ಕೂಡಿಬಾರದವರು, ಗುಲಾಮಗಿರಿಯಿಂದ ಹೊರಬಂದ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳು, ಅಲ್ಲೇ ಹುಟ್ಟಿದ ಬಡವರು, ಇವರೆಲ್ಲ ಕೂಡಿ ಬ್ಯೂನಸ್ ಐರಿಸ್‌ನಲ್ಲೂ ನದಿಯಾಚೆ ಉರುಗ್ವೆ ದೇಶದ ಮೊಂಟೆವಿಡಿಯೊದಲ್ಲೂ ಮಾಡಿಕೊಂಡ ಕುಣಿತ ಇದು. ಆ ಊರಿನ ದೊಡ್ಡಮನೆಗಳವರು ಇದನ್ನು ಬಾಗಿಲೊಳಗೆ ಬಿಡಲಿಲ್ಲ. 1913ರ ಸುಮಾರಿಗೆ ಪ್ಯಾರಿಸ್ ಹುಚ್ಚೆದ್ದು ಕುಣಿದ ಮೇಲೆ ಅವರ ಮನಸ್ಸೂ ಕರಗಿತು. 2009ರಲ್ಲಿ ಯುನೆಸ್ಕೊ ಇದನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು, ಅರ್ಜೆಂಟೀನಾ ಮತ್ತು ಉರುಗ್ವೆ ಎರಡೂ ದೇಶಗಳ ಹೆಸರಿನಲ್ಲಿ. ಇಂಥದ್ದನ್ನು ನಿಮ್ಮ ಲೇಖನ 'ಮಾದಕ ನೃತ್ಯ' ಎಂಬ ಎರಡು ಪದದಲ್ಲಿ ಮುಗಿಸಿಬಿಟ್ಟಿದೆ. ಒಂಟಿತನಕ್ಕೆ ಮಾಡಿಕೊಂಡ ಮದ್ದನ್ನು ಹಾಗೆ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ವೇದಿಕೆಯ ಕುಣಿತ ಬೇರೆ, ಜನ ಕುಣಿಯುವುದು ಬೇರೆ ಎಂಬುದನ್ನೂ ಹೇಳಬೇಕು. ವೇದಿಕೆಯಲ್ಲಿ ಕಾಲು ಸೊಂಟದೆತ್ತರಕ್ಕೆ ಹಾರುತ್ತದೆ, ಹೆಂಗಸನ್ನು ಎತ್ತಿ ತಿರುಗಿಸುತ್ತಾರೆ, ಎಲ್ಲವೂ ಮೊದಲೇ ಕಟ್ಟಿ ಅಭ್ಯಾಸ ಮಾಡಿದ್ದು. ಅಲ್ಲಿ ಪ್ರತಿ ವರ್ಷ ನಡೆಯುವ ವಿಶ್ವ ಟ್ಯಾಂಗೊ ಸ್ಪರ್ಧೆಯಲ್ಲೂ ಎರಡು ವಿಭಾಗ ಇವೆ. ವೇದಿಕೆಯದು ಒಂದು. ಇನ್ನೊಂದು ನೆಲದ್ದು, ಅದರಲ್ಲಿ ಕಟ್ಟಿದ ಕುಣಿತ ಇಲ್ಲ, ಹಾಡು ಕೇಳಿದಂತೆ ಆಗಿಂದಾಗಲೇ ಹೆಜ್ಜೆ ಹುಟ್ಟಬೇಕು. ಪಾಠಕ್ಕೆ ಹೋಗದವರು ಆ ಹಾರುವ ಕಾಲುಗಳನ್ನು ನೋಡಿ ಚಪ್ಪಾಳೆ ತಟ್ಟಿದರು, ತಟ್ಟಲಿ. ನಾವಿಬ್ಬರೂ ಕಾದು ನೋಡಿದ್ದು ಅದರ ನಡುವಿನದನ್ನು. ವಯಸ್ಸಾದ ಒಂದು ಜೋಡಿ ಬಂದು ಏನನ್ನೂ ಹಾರಿಸದೆ ಬರೀ ನಡೆದರು. ಆತ ಎಲ್ಲಿ ಕಾಯುತ್ತಾನೆ, ಆಕೆಯ ಭಾರ ಯಾವ ಕ್ಷಣದಲ್ಲಿ ಇಳಿಯುತ್ತದೆ, ಐದನೇ ಹೆಜ್ಜೆಯ ಅಡ್ಡಗಾಲು ಯಾವಾಗ ಬಂತು, ಎಲ್ಲ ನಮಗೆ ಕಾಣುತ್ತಿತ್ತು. ಪಾಠಕ್ಕೆ ಮುಂಚೆ ಕಾಣುತ್ತಿರಲಿಲ್ಲ. ನಮ್ಮ ತಂಡದವರೊಬ್ಬರು ಆ ಹೊತ್ತಿಗೆ ಫೋನು ನೋಡುತ್ತಿದ್ದರು, ಅವರ ತಪ್ಪೇನೂ ಇಲ್ಲ, ನೋಡಲು ಅಲ್ಲಿ ಏನಿದೆ ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ.

ಮುಜುಗರದ ಮಾತಿಗೆ ಬರುತ್ತೇನೆ. ಮರುದಿನ ಸಂಜೆ ನಾವು ರೆತಿರೊ ನಿಲ್ದಾಣದಿಂದ ರೈಲು ಹತ್ತಿ ಬೆಲ್ಗ್ರಾನೊ ಬಡಾವಣೆಗೆ ಹೋದೆವು. ಅಲ್ಲಿ ಬರಾಂಕಾಸ್ ಉದ್ಯಾನದಲ್ಲಿ ಗೋಡೆಯಿಲ್ಲದ ಒಂದು ದುಂಡು ಮಂಟಪ ಇದೆ, ಲಾ ಗ್ಲೋರಿಯೆತಾ ಎನ್ನುತ್ತಾರೆ. ಊರಿನ ಜನ ಅಲ್ಲಿ ಸೇರಿ ಕುಣಿಯುತ್ತಾರೆ. ಇಂಥ ಕೂಟಕ್ಕೆ ಮಿಲೋಂಗಾ ಎಂದು ಹೆಸರು. ಕಚೇರಿಯಿಂದ ಸೀದಾ ಬಂದವರು ಬೆಂಚಿನ ಮೇಲೆ ಕೂತು ಬೂಟು ಬದಲಿಸಿಕೊಳ್ಳುತ್ತಿದ್ದರು. ಎಪ್ಪತ್ತು ದಾಟಿದ ಹೆಂಗಸರು, ಇಪ್ಪತ್ತರ ಹುಡುಗರು, ಹುಡುಗಿ ಹುಡುಗಿ ಜೋಡಿ, ಎಲ್ಲರೂ ಅದೇ ಅಪ್ರದಕ್ಷಿಣೆಯ ದಾರಿಯಲ್ಲಿ, ಒಬ್ಬರಿಗೊಬ್ಬರು ತಾಗದಂತೆ.

ಅಲ್ಲಿಯ ಶಿಸ್ತು ನೋಡಿ. ಕುಣಿಯಲು ಬರುತ್ತೀರಾ ಎಂದು ಯಾರೂ ಬಳಿಗೆ ಬಂದು ಕೈ ಚಾಚುವುದಿಲ್ಲ. ದೂರದಿಂದ ಕಣ್ಣಲ್ಲಿ ಕಣ್ಣಿಟ್ಟು ಸಣ್ಣಗೆ ತಲೆ ಆಡಿಸುತ್ತಾರೆ, ಇದಕ್ಕೆ ಕಬೆಸೆಯೊ ಎಂದು ಹೆಸರು. ಒಪ್ಪಿಗೆಯಿದ್ದರೆ ಎದುರಿನವರೂ ತಲೆ ಆಡಿಸುತ್ತಾರೆ. ಬೇಡವಾದರೆ ಕಣ್ಣನ್ನು ಬೇರೆಡೆಗೆ ಸರಿಸಿದರೆ ಮುಗಿಯಿತು. ಬೇಡ ಎಂದು ಬಾಯಿಬಿಟ್ಟು ಹೇಳುವ ಕಷ್ಟ ಹೆಂಗಸಿಗಿಲ್ಲ, ನಾಲ್ಕು ಜನರ ಮುಂದೆ ಮುಖಭಂಗ ಗಂಡಸಿಗಿಲ್ಲ. ಮೂರು ನಾಲ್ಕು ಹಾಡಿನ ಒಂದು ಕಂತು, ಅದಕ್ಕೆ ತಾಂದಾ ಎನ್ನುತ್ತಾರೆ. ಕಂತು ಮುಗಿದಾಗ ಟ್ಯಾಂಗೊ ಅಲ್ಲದ ಬೇರೆ ಯಾವುದೋ ಸಂಗೀತದ ತುಣುಕು ಬರುತ್ತದೆ, ಅದು ಕೊರ್ತಿನಾ, ಪರದೆ ಎಂದು ಅರ್ಥ. ಪರದೆ ಬಿದ್ದೊಡನೆ ಎಲ್ಲರೂ ಅಪ್ಪುಗೆ ಬಿಟ್ಟು ತಂತಮ್ಮ ಜಾಗಕ್ಕೆ ಹೋಗಿ ಕೂರುತ್ತಾರೆ. ಬಸ್ಸುಗಳಲ್ಲಿ, ಜಾತ್ರೆಗಳಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲೂ ಮೈ ತಾಗಿಸುವ ಕೈಗಳನ್ನು ಜೀವನವಿಡೀ ಸಹಿಸಿದ ನನಗೆ, ಹೆಂಗಸಿನ ಒಪ್ಪಿಗೆಯನ್ನು ಕಣ್ಣಿನಲ್ಲಿ ಕೇಳಿ ಪಡೆಯುವ ಈ ಪದ್ಧತಿ ನೋಡಿ ಗೌರವ ಹುಟ್ಟಿತು. ಮುಜುಗರ ಅಲ್ಲಿ ಒಂದು ಕ್ಷಣವೂ ಆಗಲಿಲ್ಲ.

ತಂಗಿಗೆ ಒಂದು ಕಬೆಸೆಯೊ ಬಂತು. ಎದುರು ಕಂಬದ ಬಳಿ ನಿಂತಿದ್ದ ಬಿಳಿಕೂದಲಿನ ಒಬ್ಬರದು. ನನ್ನ ಮುಖ ನೋಡಿದಳು. ನಾನು ಮೊಣಕಾಲು ನೋಡಿದೆ. ನಿಧಾನ ಹೋಗು ಎಂದೆ. ಅವರು ಅವಳನ್ನು ಮಂಟಪದ ಹೊರಗಿನ ಸುತ್ತಿಗೆ, ಹೆಚ್ಚು ತಿರುಗುವ ಅಗತ್ಯವಿಲ್ಲದ ಕಡೆಗೆ ಕರೆದೊಯ್ದರು. ಮಾತಿಲ್ಲ, ಭಾಷೆ ಬಾರದು, ಆದರೂ ಎರಡನೇ ಹಾಡಿನ ಹೊತ್ತಿಗೆ ಅವರ ಹೆಜ್ಜೆಯೂ ಗಿಡ್ಡವಾಗಿತ್ತು. ಆಕೆಯ ಎಡಗಾಲಿನ ವಿಷಯ ಅವರ ಅಂಗೈಗೂ ತಿಳಿದಿತ್ತು.

ಈಗ ಹೋಗುವವರಿಗೆ ನನ್ನ ಅನುಭವದ ಕೆಲವು ಮಾತು, ನಿಮ್ಮ ಪುಟದಲ್ಲಿ ಜಾಗವಿದ್ದರೆ ಹಾಕಿ. ರಬ್ಬರ್ ಅಡಿಯ ಓಟದ ಬೂಟು ಹಾಕಿಕೊಂಡು ಪಾಠಕ್ಕೆ ಹೋಗಬೇಡಿ. ಅದು ನೆಲವನ್ನು ಕಚ್ಚುತ್ತದೆ, ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ಆ ತಿರುಚು ಸೀದಾ ಮೊಣಕಾಲಿಗೆ ಬೀಳುತ್ತದೆ. ಎಂಟರ ಅಂಕಿ ಬರೆದಂತೆ ತಿರುಗುವ ಓಚೊ ಎಂಬ ಹೆಜ್ಜೆಯಲ್ಲಂತೂ ಇದು ಅಪಾಯ. ನಯವಾದ ಚರ್ಮದ ಅಡಿ, ಹಿಮ್ಮಡಿ ಹಿಡಿದುಕೊಳ್ಳುವ ತಗ್ಗು ಚಪ್ಪಲಿ ಸಾಕು. ಸೀರೆ ಉಡುವವರು ನೆರಿಗೆಯನ್ನು ಒಂದಂಗುಲ ಮೇಲಕ್ಕೆ ಉಡಿ, ಏಕೆಂದರೆ ನಡೆಯುವವರು ಬಹುಪಾಲು ಹಿಂದಕ್ಕೇ ಹೆಜ್ಜೆ ಹಾಕುತ್ತಾರೆ. ಊಟ ಬೇಡವಾದರೆ ಬರೀ ಪ್ರದರ್ಶನದ ಟಿಕೆಟ್ ಹಲವೆಡೆ ಸಿಗುತ್ತದೆ, ಅದರಲ್ಲಿ ಪಾಠ ಸೇರಿದೆಯೇ ಎಂದು ಕೇಳಿಯೇ ಹಣ ಕೊಡಿ. ಅದೇ ದಿನ ಮಧ್ಯಾಹ್ನ ಒಂದಿಷ್ಟು ನಿದ್ದೆ ಮಾಡಿ, ಏಕೆಂದರೆ ಪ್ರದರ್ಶನ ಮುಗಿಯುವಾಗ ನಡುರಾತ್ರಿ. ಮುಖ್ಯವಾಗಿ, ಪ್ರವಾಸ ಸಂಸ್ಥೆಯವರು ಜೋಡಿ ಇದೆಯೇ ಎಂದು ಕೇಳಿದರೆ ಇದೆ ಎನ್ನಿ. ಅಕ್ಕ ಇರಬಹುದು, ಗೆಳತಿ ಇರಬಹುದು, ಮಗಳಿರಬಹುದು. ಯಾರೂ ಇಲ್ಲದಿದ್ದರೆ ಅಲ್ಲಿ ಕೋಲು ಹಿಡಿದ ಒಬ್ಬ ಅಜ್ಜ ಇರುತ್ತಾರೆ.

ಊರಿಗೆ ಬಂದ ವಾರದಲ್ಲೇ ತಂಗಿಯ ಮೊಣಕಾಲನ್ನು ತೋರಿಸಿದೆವು. ಕೀಲಿನೊಳಗಿನ ಮೆತ್ತೆ ಸವೆದಿದೆ, ಸದ್ಯ ಶಸ್ತ್ರಚಿಕಿತ್ಸೆ ಬೇಡ, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಸಾಕು ಎಂದಿದ್ದಾರೆ. ಹಾರ್ಮೋನಿಯಂ ಈಗ ಮೇಜಿನ ಮೇಲೆ ಏರಿದೆ, ಪಾಠ ನಿಂತಿಲ್ಲ. ವ್ಯಾಯಾಮದ ಪಟ್ಟಿಯಲ್ಲಿ ಒಂಟಿ ಕಾಲಿನ ಮೇಲೆ ಭಾರ ಬಿಟ್ಟು ಹತ್ತು ಎಣಿಸುವುದೂ ಇದೆ. ಅವಳು ಹತ್ತು ಎಣಿಸುವುದಿಲ್ಲ. ನನ್ನ ಹೆಗಲು ಹಿಡಿದು ಒಂದರಿಂದ ಎಂಟರ ತನಕ ನಡೆಯುತ್ತಾಳೆ, ಐದಕ್ಕೆ ಬಂದಾಗ ನಿಲ್ಲುತ್ತಾಳೆ, ಎಡಗಾಲಿಗೆ ಭಾರ ಇಳಿಯುವ ತನಕ ನಾನು ಕಾಯುತ್ತೇನೆ.

ಆ ಲೇಖನದ ಎರಡು ಸಾಲನ್ನು ದಯವಿಟ್ಟು ತಿದ್ದಿ ಪ್ರಕಟಿಸಿ.

ಇತಿ,
ಒಬ್ಬ ನಿವೃತ್ತ ನರ್ಸ್